ಪಿಕಪ್ಪಿನ ಪಾಟಾ ಬಿಚ್ಚಬೇಡಿರಿ

ರೀ, ನಿಮ್ಮ ಅಕ್ಕನನ್ನು ಅವರ ಊರು ಅಕ್ಕೋಳಕ್ಕೆ ಬಿಟ್ಟು ಬರುತ್ತೇನೆ. ರೊಟ್ಟಿ, ಝುಣಕ ಮುಚ್ಚಿಟ್ಟಿದ್ದೇನೆ. ಹೊತ್ತು ಮುಳುಗುವುದರೊಳಗೆ ಉಣ್ಣಿರಿ; ನಿನ್ನೆಯಂತೆ ನಾಯಿಗೆ ಹಾಕಬೇಡಿರಿ.

ಪಿಕಪ್ಪಿನ ಗಾಲಿಗಳ ಮೇಲೆ ಹೆಚ್ಚಿಗೆ ಹಾಕಿಸಿದ ಕಬ್ಬಿಣದ ಸ್ಪ್ರಿಂಗ್ ಪಾಟಾ ಬಿಚ್ಚುತ್ತ ಕೂರಬೇಡಿರಿ. ಮಳೆಗಾಲದಲ್ಲೂ ಅತ್ತೆಯವರನ್ನು ತೋಟದಿಂದ ಚಿಕ್ಕೋಡಿ ದವಾಖಾನೆಗೆ ಒಯ್ಯಬೇಕೆಂದೇ ಅದನ್ನು ಎತ್ತರ ಮಾಡಿಸಿದಿರಿ. ಎಷ್ಟು ಎತ್ತರಿಸಿದರೂ ಎಳೆಯುವುದು ಹಿಂದಿನ ಎರಡೇ ಗಾಲಿ. ಅತ್ತೆಯವರನ್ನು ಒಯ್ಯುತ್ತಿದ್ದ ಆ ದಿನ ಎರೆಮಣ್ಣಿನ ಕೆಸರಿನಲ್ಲಿ ಅವು ನಿಂತಲ್ಲೇ ಸುಮ್ಮನೆ ತಿರುಗಿದವು. ಅದಕ್ಕೆ ನೀವೇನು ಮಾಡುತ್ತೀರಿ?

ನೀವು ಇಳಿದು ಗಾಲಿಗೆ ಕಬ್ಬಿನ ಒಣಗಿದ ಎಲೆ, ರವದಿ ಒಡ್ಡುತ್ತಿದ್ದಾಗ, ನನ್ನ ತೊಡೆಯ ಮೇಲೆ ಜೀವ ಬಿಡುವ ಮುಂಚೆ ಅತ್ತೆ ಅಂದದ್ದನ್ನು ಇಷ್ಟು ದಿನ ನಿಮಗೆ ಹೇಳಲಾಗಲಿಲ್ಲ. "ಮಂಗಲಾ, ಅವಂಗ ಒಳಗ ಬಾ ಅನ್ನು. ಮಳ್ಯಾಗ ತೊಯ್ಯಾಕತ್ತಾನ."

ನಾನು ಕರೆದೆ. ನಿಮಗೆ ಕೇಳಿಸಲಿಲ್ಲ.