ನಾಲ್ಕನೆಯ ಎಸೆತ

ಆಗಸ್ಟ್ ೪, ಮಧ್ಯಾಹ್ನ

ಮೊಣಕೈ ಐಸಿನ ಬಕೆಟ್ಟಿನಿಂದ ಈಗಷ್ಟೇ ಹೊರಬಂದಿದೆ. ಬೆರಳು ಮರಗಟ್ಟಿವೆ, ಅಕ್ಷರ ಸೊಟ್ಟ.

ರೂಮಿನಲ್ಲಿ ಎರಡು ಮಂಚ. ಪಕ್ಕದ್ದು ಕೊಕ್ಕರೆಯದು. ತಂಡದಲ್ಲಿ ಜಾವೆಲಿನ್ ಎಸೆಯುವವರು ನಾವಿಬ್ಬರೇ. ಅವನ ಕಾಲು ಮಂಚ ದಾಟಿ ಗೋಡೆಗೆ ತಾಗುತ್ತದೆ, ಅದಕ್ಕೇ ಆ ಹೆಸರು. ನನ್ನನ್ನು ಅಣ್ಣ ಎನ್ನುತ್ತಾನೆ. "ನಾನು ತೊಟ್ಟಿಲಲ್ಲಿದ್ದಾಗಲೇ ಅಣ್ಣ ಎಸೀತಿದ್ರು" ಎಂದು ಊಟದ ಮನೆಯಲ್ಲಿ ಎಲ್ಲರನ್ನೂ ನಗಿಸುತ್ತಾನೆ. ಲೆಕ್ಕ ತಪ್ಪಿಲ್ಲ.

ಸ್ಕ್ಯಾನ್ ಬಂತು. ಲಿಗಮೆಂಟ್ ಮುಕ್ಕಾಲು ಹರಿದಿದೆ. ಫಿಸಿಯೋ ಬೆಳಕಿಗೆ ಹಿಡಿದು ನೋಡಿದಳು. "ಇದು ಕೈಯಲ್ಲ ಸಾರ್, ಹಳೇ ಚೀಲದ ಹಿಡಿ. ಯಾವಾಗ ಕಿತ್ಕೊಂಡು ಬರುತ್ತೋ." ಕೂಟ ಮುಗಿದ ಮೇಲೆ ಆಪರೇಷನ್. ಆಮೇಲೆ ಎಸೆತ ಇಲ್ಲ. ಸರ್ಜನ್ ಇದನ್ನು ನಾಳೆ ಮೋಡ ಇರಬಹುದು ಎನ್ನುವ ಧಾಟಿಯಲ್ಲಿ ಹೇಳಿದರು.

ಫೈನಲ್ಲಿಗೆ ಹನ್ನೆರಡು ಜನ. ಎಲ್ಲರಿಗೂ ಮೂರು ಎಸೆತ. ಮೊದಲ ಎಂಟು ಜನಕ್ಕೆ ಮಾತ್ರ ಇನ್ನೂ ಮೂರು. ಉಳಿದವರು ಚೀಲ ಹೆಗಲಿಗೇರಿಸಿ ಕ್ಯಾಮೆರಾಗಳ ಹಿಂದಿನಿಂದ ಹೊರಡಬೇಕು. ಈ ಕೂಟಕ್ಕೆ ಹಿಂದೆ ಬಂದಾಗಲೆಲ್ಲ ಹಾಗೇ ಹೊರಟವನು ನಾನು. ಇಲ್ಲಿಯ ನಾಲ್ಕನೆಯ ಎಸೆತ ಹೇಗಿರುತ್ತದೋ ಗೊತ್ತಿಲ್ಲ.

ಪದಕ ಬೇಡ. ಅದೊಂದು ಬೇಕು. ಈ ವಯಸ್ಸಿನಲ್ಲಿ ಹೀಗೆ ಏನನ್ನಾದರೂ ಬೇಕೆನ್ನುವುದು ನಾಚಿಕೆಯ ವಿಷಯ.

ಆಗಸ್ಟ್ ೬, ಸಂಜೆ

ಅರ್ಹತಾ ಸುತ್ತು. ಬೆಳಿಗ್ಗೆ ನಮ್ಮ ಗುಂಪು. ಸಾಧಾರಣ ಎಸೆತ. ಆಮೇಲೆ ಸ್ಟ್ಯಾಂಡಿನಲ್ಲಿ ಕೂತು ಇನ್ನೊಂದು ಗುಂಪಿನವರು ಸೋಲಲಿ ಎಂದು ಹಾರೈಸುವ ಕೆಲಸ. ಗೊತ್ತಿರುವವರು, ಒಳ್ಳೆಯವರು. ಒಬ್ಬ ಜಾರಿ ಬಿದ್ದ. ಎದೆ ಹಗುರಾಯಿತು. ಅದು ನನ್ನ ಎದೆಯೇ.

ಹನ್ನೆರಡನೆಯವನಾಗಿ ಒಳಗೆ ಬಂದೆ. ಕೊಕ್ಕರೆ ಆರನೆಯವನು. ನನ್ನನ್ನು ಸೊಂಟ ಹಿಡಿದು ಎತ್ತಿಬಿಟ್ಟ. ಇಳಿಸು ಮಾರಾಯ, ಎಂದೆ.

ಆಗಸ್ಟ್ ೭

ವಿಶ್ರಾಂತಿಯ ದಿನ. ವಿಶ್ರಾಂತಿ ಎಲ್ಲಿಂದ. ಶರ್ಟಿನ ಗುಂಡಿ ಹಾಕಲು ಆಗಲಿಲ್ಲ.

ಹೆಂಡತಿಯ ಫೋನ್. "ನಾಲ್ಕನೇದು ಎಸೆದೇ ಬನ್ನಿ. ಇಲ್ಲಾಂದ್ರೆ ಆಯುಷ್ಯ ಪೂರ್ತಿ ನಿಮ್ಮ ಸಪ್ಪೆ ಮುಖ ನೋಡೋಳು ನಾನು."

ಕೋಚ್ ಬಂದು ಬಾಗಿಲಲ್ಲೇ ನಿಂತರು. ಹೊಗಳಲು ಒಳಗೆ ಬರುತ್ತಾರೆ, ಬೈಯಲು ಬಾಗಿಲೇ ಸಾಕು.

"ನಾಳೆ ಗೆರೆ ತುಳೀಬೇಡ."

"ಇಲ್ಲ ಸಾರ್."

"ಇಲ್ಲ ಇಲ್ಲ ಅಂತ ಹತ್ತು ವರ್ಷದಿಂದ ಹೇಳ್ತಿದೀಯ. ಕೆಟ್ಟದಾಗಿ ಬಿದ್ರೆ ಬೀಳಲಿ. ಅಳೀಲಿ. ಅದೂ ನಿಂದೇ."

ನನ್ನ ಚಾಳಿ. ಕೈಯಿಂದ ಬಿಟ್ಟ ಕ್ಷಣವೇ ಎಸೆತ ಕೆಟ್ಟಿತೆನಿಸಿದರೆ ಗೆರೆಯ ಆಚೆ ಕಾಲಿಟ್ಟುಬಿಡುತ್ತೇನೆ. ಆಗ ಕೆಂಪು ಬಾವುಟ, ಫೌಲ್. ಅಳೆಯುವುದಿಲ್ಲ. ಬೋರ್ಡಿನ ಮೇಲೆ ಸಣ್ಣ ಅಂಕಿಯ ಬದಲು ಒಂದು ಇಂಟು ಮಾರ್ಕ್. ನಮ್ಮಲ್ಲಿ ಅನೇಕರು ಹೀಗೆ ಮಾಡುತ್ತಾರೆ. ಸಣ್ಣ ಅಂಕಿ ಹೆಸರಿನ ಪಕ್ಕ ಕೂರುತ್ತದೆ. ಇಂಟು ಮಾರ್ಕ್ ಯಾರದ್ದೂ ಅಲ್ಲ.

ಆಗಸ್ಟ್ ೮, ಬೆಳಿಗ್ಗೆ

ಇಂದು. ಕೈ ಹೇಗಿದೆ ಎಂದು ಕೊಕ್ಕರೆ ಕೇಳಿದ. ಇದೆ, ಎಂದೆ.

ಆಗಸ್ಟ್ ೧೧

ಬರೆಯಲು ಆಗಿರಲಿಲ್ಲ. ಈಗಲೂ ಆಗುತ್ತಿಲ್ಲ. ಆದರೂ.

ಮೊದಲನೆಯದು ಎಪ್ಪತ್ತಾರು ಮೀಟರ್. ಎರಡನೆಯದು ಅದಕ್ಕಿಂತ ಕಡಿಮೆ, ತುಳಿದೆ. ಕೋಚ್ ತಲೆಯ ಮೇಲೆ ಕೈ ಹೊತ್ತದ್ದು ಕಂಡಿತು. ಮೂರನೆಯ ಸುತ್ತಿನಲ್ಲಿ ಎಲ್ಲರಿಗಿಂತ ಕೊನೆಗೆ ನಾನು. ಅಷ್ಟರಲ್ಲಿ ಎಂಟನೆಯ ಜಾಗದಲ್ಲಿ ಕೊಕ್ಕರೆ ಇದ್ದ. ಎಂಬತ್ತರ ಬಿಳಿ ಗೆರೆಗಿಂತ ಗೇಣು ಈಚೆಗೆ ಬಿದ್ದಿತ್ತು ಅವನದು. ನನ್ನದು ಆ ಗೆರೆ ದಾಟಬೇಕು. ದಾಟಿದರೆ ಅವನು ಹೊರಗೆ. ಅವನು ಬೆಂಚಿನಿಂದ "ಅಣ್ಣಾ, ಬಿಡಿ ಒಂದು!" ಎಂದು ಕೂಗಿದ. ಮನಸಾರೆ ಕೂಗಿದ.

ಓಡಿದೆ. ಬಿಡುವಾಗ ಮೊಣಕೈಯೊಳಗೆ ಪಟ್ ಎಂದಿತು. ಹಿಡಿ ಬೆರಳಿನಿಂದ ಬೇಗ ಜಾರಿತು ಅನ್ನಿಸಿತು. ಹೋಯಿತು, ಅಂದುಕೊಂಡೆ. ನೋಡಲಿಲ್ಲ. ತಲೆ ತಗ್ಗಿಸಿ ಗೆರೆಯ ಆಚೆ ಕಾಲಿಟ್ಟೆ. ಸಿಟ್ಟಿನಿಂದಲೂ ಅಲ್ಲ. ಮನೆ ಬಿಟ್ಟು ಹೊರಡುವವನು ದೀಪ ಆರಿಸುತ್ತಾನಲ್ಲ, ಹಾಗೆ.

ಆಮೇಲೆ ಗದ್ದಲ. ಕೂತವರು ಎದ್ದು ನಿಲ್ಲುವ ಗದ್ದಲ.

ತಲೆಯೆತ್ತಿದೆ. ಎಂಬತ್ತರ ಗೆರೆಯ ಆಚೆ ನನ್ನ ಜಾವೆಲಿನ್ ಹುಲ್ಲಿನಲ್ಲಿ ನೆಟ್ಟು ನಿಂತಿತ್ತು. ಬಾಲ ಇನ್ನೂ ನಡುಗುತ್ತಿತ್ತು.

ನನ್ನ ಕಾಲ ಬಳಿ ಕೆಂಪು ಬಾವುಟ. ಹಿಡಿದ ಹೆಂಗಸು ನನ್ನ ಮುಖ ನೋಡದೆ ನೆಲ ನೋಡುತ್ತಿದ್ದಳು. ಒಬ್ಬ ನಡೆದು ಹೋಗಿ ಜಾವೆಲಿನ್ ಕಿತ್ತು ತಂದ. ಅಳೆಯಲಿಲ್ಲ. ಹುಲ್ಲು ಮುಚ್ಚಿಕೊಂಡಿತು.

ಚೀಲ ಹೆಗಲಿಗೇರಿಸಿದೆ, ಎಡ ಹೆಗಲಿಗೆ. ಸುರಂಗದ ಬಾಯಿಯಲ್ಲಿ ಕೋಚ್ ಅಂದರು: "ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡೆ."

ಕೊಕ್ಕರೆ ನಾಲ್ಕನೆಯ ಎಸೆತದಲ್ಲಿ ಐದನೆಯ ಸ್ಥಾನಕ್ಕೇರಿದ.

ಆಗಸ್ಟ್ ೧೨

ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ನಾನೂ ನಂಬಿಬಿಡುತ್ತೇನೆ.

ಪೇಪರಿನವರು ಬರೆದಿದ್ದಾರೆ: ಹಿರಿಯ ಆಟಗಾರ ಬೇಕೆಂದೇ ಗೆರೆ ದಾಟಿ ಕಿರಿಯನಿಗೆ ಜಾಗ ಬಿಟ್ಟುಕೊಟ್ಟ. ಕೆಳಗೆ ಫೋಟೋ: ತಗ್ಗಿಸಿದ ತಲೆ, ಗೆರೆಯ ಆಚೆ ಒಂದು ಪಾದ. ನಿಜವಾಗಿಯೂ ತ್ಯಾಗಿಯ ಹಾಗೇ ಕಾಣುತ್ತೇನೆ.

ಕೊಕ್ಕರೆ ಮಂಚದ ತುದಿಯಲ್ಲಿ ಕೂತು ಅತ್ತ. ಅಷ್ಟುದ್ದದ ಆಳು.

"ಯಾಕಣ್ಣ ಹಂಗ್ ಮಾಡಿದ್ರಿ?"

"ಮಾಡಿಲ್ಲ ಕಣೋ. ಕೆಟ್ಟಿತು ಅಂದ್ಕೊಂಡೆ. ನೋಡ್ಲೇ ಇಲ್ಲ."

"ನೀವು ಹಿಂಗೇ ಹೇಳ್ತೀರಿ ಅಂತ ಗೊತ್ತಿತ್ತು."

"ಲೋ, ನೀನು ಹೊರಗೆ ಹೋಗ್ಲಿ ಅಂತಲೇ ಎಸೆದೆ. ಕೇಳಿಸ್ತಾ? ನೀನು ಹೋದ್ರೆ ನಂಗೆ ಒಂದ್ ಚೂರೂ ಬೇಜಾರಿರಲಿಲ್ಲ."

ಮೂಗು ಒರೆಸಿಕೊಂಡು ನಕ್ಕ. "ದೊಡ್ಡೋರ ಮಾತೇ ಹಿಂಗೆ."

ಹೊಡೆಯಬೇಕೆನಿಸಿತು. ಕೈ ಏಳಲಿಲ್ಲ.

ಎಸೆತ ಹೋಯಿತು, ಸರಿ. ಅದಕ್ಕಾಗಿ ನಾನು ಪಟ್ಟ ಆಸೆಯೂ ಹೋಯಿತು. ಆಸೆಯೇ ಇರಲಿಲ್ಲ ಎಂದು ಊರೆಲ್ಲ ಚಪ್ಪಾಳೆ ತಟ್ಟುತ್ತಿದೆ.

ಆಗಸ್ಟ್ ೧೫

ಕೋಚ್‌ಗೂ ಈಗ ಅನುಮಾನ. "ನಿಜ ಹೇಳು, ಬೇಕಂತ ತುಳಿದ್ಯಾ?" ಈ ಸಲ ಒಳಗೆ ಬಂದು, ಕುರ್ಚಿ ಎಳೆದು ಕೂತು ಕೇಳಿದರು.

ಆಗಸ್ಟ್ ೧೯, ಬೆಳಿಗ್ಗೆ

ಆಸ್ಪತ್ರೆ. ಹಸಿರು ಗೌನು, ಹಿಂದೆ ಕಟ್ಟುವ ದಾರ. ಇನ್ನು ಸ್ವಲ್ಪ ಹೊತ್ತಿಗೆ ಒಳಗೆ. ಹೆಂಡತಿ ಪಕ್ಕದಲ್ಲಿ ಕಿತ್ತಳೆ ಸುಲಿದು ತಾನೇ ತಿನ್ನುತ್ತಿದ್ದಾಳೆ, ನನಗೆ ಉಪವಾಸ.

"ಬಿಟ್ಟುಕೊಟ್ರಂತೆ?"

ಉತ್ತರ ಹೇಳಿ ಹೇಳಿ ಸಾಕಾಗಿತ್ತು.

"ಬಸ್ಸಲ್ಲಿ ಕಿಟಕಿ ಸೀಟು ಬಿಟ್ಟುಕೊಟ್ಟೋರಲ್ಲ ನೀವು, ಬಸುರಿ ಹೆಂಡ್ತಿಗೆ. ಜನಕ್ಕೇನು ಗೊತ್ತು."

ನಕ್ಕೆ. ಆಮೇಲೆ ನಗು ಬೇರೇನೋ ಆಯಿತು. ಅವಳು ಕಿತ್ತಳೆ ಕೆಳಗಿಟ್ಟು, ಸೆರಗಿನಿಂದ ನನ್ನ ಮುಖ ಒರೆಸಿದಳು. ಒಬ್ಬಳಾದರೂ.

"ನಾನೇ ನೋಡಲಿಲ್ಲ" ಎಂದೆ. "ಟೀವೀಲಿ ಆಮೇಲೆ ಹಾಕಿದಾಗಲೂ ಎದ್ದು ಹೋದೆ."

"ನಾನು ನೋಡಿದೆ. ಹೇಳ್ಲಾ?"

ಬೇಡ ಎಂದೆ. ನರ್ಸ್ ಬಾಗಿಲಲ್ಲಿ ಗಾಲಿಮಂಚ ತಂದು ನಿಲ್ಲಿಸಿದ್ದಾಳೆ. ಹೇಳು ಎಂದೆ.

ಹೇಳುತ್ತಿದ್ದಾಳೆ. ಅಂಟು ಬೆರಳೆತ್ತಿ ಗಾಳಿಯಲ್ಲಿ ತೋರಿಸುತ್ತಿದ್ದಾಳೆ. ಮೊದಲು ಇಷ್ಟೆತ್ತರ ಹೋಯಿತಂತೆ. ಅಲ್ಲಿ ಒಂದು ಗಳಿಗೆ ನಿಂತೇಬಿಟ್ಟಿತಂತೆ, ಇನ್ನೇನು ಬಿತ್ತು ಅನ್ನುವಾಗ ಮತ್ತೆ