ಅಟ್ಟದ ಮೇಲಿನ ಕಾಯಿ

ಕಿಬ್ಬನಹಳ್ಳಿ
೧೪-೮-೧೯೮೪

ನನ್ನ ಮುದ್ದಿನ ಗಿರಿಜಾಂಬಿಕಾಗೆ ಅಮ್ಮನ ಆಶೀರ್ವಾದ.

ಕ್ಷೇಮವೆಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ದಂಡಿನಶಿವರದಲ್ಲಿ ನೀನು, ಅಳಿಯಂದಿರು, ಮಗು ನಿಜವಾಗಿಯೇ ಕ್ಷೇಮವಾಗಿರಿ.

ಮೊದಲು ಸಿಟ್ಟಿನ ವಿಷಯ ಮುಗಿಸಿಬಿಡುತ್ತೇನೆ. ನಿಮ್ಮಪ್ಪನ ಜೊತೆ ರೈಲ್ವೆಯಲ್ಲಿ ಕೆಲಸ ಮಾಡಿದವರು ಹೋದ ಭಾನುವಾರ ತಿಪಟೂರಿನಲ್ಲಿ ಸಭೆ ಸೇರಿ ಅವರ ಫೋಟೋಗೆ ಹಾರ ಹಾಕಿದರು. ಒಬ್ಬ ದೊಡ್ಡ ಮನುಷ್ಯ ಎದ್ದು, 'ಕರಿಬಸವಯ್ಯನವರು ರೈಲ್ವೆ ಗೇಟು ಬಿಟ್ಟು ಕದಲಿದವರಲ್ಲ, ಒಂದು ದಿನ ರಜೆ ಕೇಳಿದವರಲ್ಲ' ಎಂದ. ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈ ಉರಿಯಿತು. ನಿನಗೆ ದಡಾರ ಬಂದಾಗ ಬೇವಿನ ಸೊಪ್ಪು ಹಿಡಿದು ತಲೆದೆಸೆಯಲ್ಲಿ ಕೂತವರು ಯಾರು? ಸ್ಕೂಲಿನ ನಾಟಕದಲ್ಲಿ ನೀನು ಮರವಾಗಿ ಸುಮ್ಮನೆ ನಿಂತಿದ್ದೆ, ಅದನ್ನು ನೋಡಲೂ ರಜೆ ಹಾಕಿದ ಮನುಷ್ಯ ಅವರು! ಇಷ್ಟು ವರ್ಷ ಪೇಪರು, ಪುಸ್ತಕ ಓದಿ ನನಗೆ ತಿಳಿದದ್ದು ಇದು: ದುಡಿಯುವವನು ಸತ್ತರೆ ಲೋಕ ಅವನ ದುಡಿಮೆಯನ್ನಷ್ಟೇ ಹೊಗಳುತ್ತದೆ. ಸಭೆಯಲ್ಲೇ ಎದ್ದು ಇದನ್ನೆಲ್ಲ ಹೇಳಿಯೇಬಿಟ್ಟೆ. ನಿನ್ನಣ್ಣ ಹಾಲಸ್ವಾಮಿ ಸೆರಗು ಜಗ್ಗಿ, 'ಕೂತ್ಕಳಮ್ಮ, ಮರ್ಯಾದೆ ಹೋಯ್ತದೆ' ಎಂದ. ಯಾರದಂತೆ?

ಈಗ ಅವನದ್ದೇ ಇನ್ನೊಂದು ರಗಳೆ. ಅಟ್ಟದ ಕಾಯಿ ಇಳಿಸಬೇಕಂತೆ. ಹೋದ ವರ್ಷ ಜ್ಯೇಷ್ಠದಲ್ಲಿ ನಾನು ಬೇಡವೆಂದರೂ ನಿಮ್ಮಪ್ಪ ಏಣಿ ಹತ್ತಿ, ಕೊಬ್ಬರಿಯಾಗಲೆಂದು ಕೂಸು ಮಲಗಿಸಿದ ಹಾಗೆ ಒಂದೊಂದಾಗಿ ಜೋಡಿಸಿದ ಕಾಯಿ. ಮಾಘದಲ್ಲಿ ಅವರೇ ಹೋದರು. ಅವರ ಕೈ ಮುಟ್ಟಿದ ಕೊನೆಯ ಕಾಯಿ ಅವು.

ನಿನಗೆ ನೆನಪಿದೆಯಲ್ಲ, ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಒಳಗೆ ಲೊಟಲೊಟ ಎಂದರೆ ಆಯಿತೆಂದು ಲೆಕ್ಕ. ರೈಲಿನ ಸದ್ದಿಗೆ ಅವರ ಕಿವಿ ಮಂದವಾದ ಮೇಲೆ ಅಲ್ಲಾಡಿಸುವ ಕೈ ಅವರದು, ಕೇಳುವ ಕಿವಿ ನನ್ನದು. ಏಣಿಯ ಮೇಲಿಂದ ಬಗ್ಗಿ ಕಾಯನ್ನು ನನ್ನ ಕಿವಿಗೆ ಹಿಡಿದು, 'ಏನಂತದೆ ಕಣೇ ರುದ್ರಿ?' ಎನ್ನುವರು. 'ನಿಮ್ಮನ್ನ ಬೈತದೆ ಕಣ್ರೀ, ಇಳೀರಿ ಕೆಳಕ್ಕೆ' ಎನ್ನುತ್ತಿದ್ದೆ. ಆ ಮಾತು ಮಾತ್ರ ಹೇಗೋ ಕೇಳಿಸಿ ಗೊಳ್ಳೆಂದು ನಗುವರು.

ಹಾಗಾಗಿ ಈ ಮನೆಯಲ್ಲಿ 'ಕಾಯಿ ಆಯಿತು' ಎನ್ನುವ ಹಕ್ಕು ನನ್ನದು. ಹಾಲಸ್ವಾಮಿಗೆ ಕ್ರಾಸಿನ ಅಂಗಡಿ ಬಿಟ್ಟು ಏಣಿ ಹತ್ತಲು ಪುರುಸೊತ್ತಿಲ್ಲ. ಊಟಕ್ಕೆ ಬಂದಾಗಲೆಲ್ಲ 'ಕಾಯಿ ಆದ್ವೇನಮ್ಮ?' ಎನ್ನುತ್ತಾನೆ. ಇನ್ನೂ ಇಲ್ಲ ಕಣಪ್ಪ, ಈ ಸಲ ಯಾಕೋ ತಡ ಎನ್ನುತ್ತೇನೆ. ಪಕ್ಕದ ಮನೆ ಪುಟ್ಟಗಂಗಮ್ಮ ಮೊನ್ನೆ ಬೇಲಿಯಾಚೆಯಿಂದ, 'ಬುಡಕ್ಕ, ಅಣ್ಣ ವಾಪಸ್ ಬರೋಗಂಟ ಕಾಯ್ತವಾ ಅವು? ಹೊತ್ತು ಮೀರಿದ್ರೆ ಕಮಟು ಹಿಡೀತವೆ' ಎಂದಳು. ಅವಳ ಜೊತೆ ಮಾತು ಬಿಟ್ಟಿದ್ದೇನೆ. ಹೇಳಿದ್ದು ಸುಳ್ಳಲ್ಲ, ಅದಕ್ಕೇ.

ಗಾಳಿ ಈ ಕಡೆ ಬೀಸಿದರೆ ಸಂಜೆಯ ರೈಲು ಕೂಗುವುದು ಕೇಳಿಸುತ್ತದೆ. ಆ ಗಾಡಿ ದಾಟಿಸಿಯೇ ಅಲ್ಲವೇ ಅವರು ಸೈಕಲ್ ಹತ್ತುತ್ತಿದ್ದುದು. ಈಗಲೂ ಕೂಗು ಕೇಳಿದ ಕೂಡಲೇ ಎದ್ದು ಒಲೆಯ ಮೇಲೆ ಎಸರಿಡುತ್ತೇನೆ. ಆಮೇಲೆ ಮುದ್ದೆ ಯಾರಿಗೆಂದು ನೆನಪಾಗುತ್ತದೆ.

ಗೌರಿ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬಾ ಮಗಳೇ. ಅವರು ನಿಲ್ಲುತ್ತಿದ್ದಂತೆ ನೀನು ಏಣಿಯ ಮೇಲೆ ನಿಂತು ಅಲ್ಲಾಡಿಸು. ಅಷ್ಟರಲ್ಲಿ ಆದರೂ ಆದಾವು.

ಬಾಗಿಲ ಕಡೆಗೇ ಕಣ್ಣಿಟ್ಟಿರುವ ನಿನ್ನ ಅಮ್ಮ,
ಶಿವರುದ್ರಮ್ಮ

ಮತ್ತೆ: ಈ ಕಾಗದ ನಿನ್ನಣ್ಣನ ಕಣ್ಣಿಗೆ ಬೀಳದಿರಲಿ. ಕಾಯಿ ಯುಗಾದಿಯ ಹೊತ್ತಿಗೇ ಆಗಿವೆ. ದಿನಾ ಹತ್ತಿ ಒಂದನ್ನು ಅಲ್ಲಾಡಿಸಿ, ಕೇಳಿಸಿಕೊಂಡು, ಅವರು ಇಟ್ಟ ಜಾಗದಲ್ಲೇ ಇಟ್ಟು ಇಳಿಯುತ್ತೇನೆ. ಆಯಿತು ಎನ್ನಲು ನನಗೆ ಬಾಯಿ ಬರುತ್ತಿಲ್ಲ. ನೀನು ಮೇಲಿಂದ ಬಗ್ಗಿ, 'ಏನಂತದೆ?' ಎಂದು ಒಂದು ಸಲ ಕೇಳು. ಹೇಳುತ್ತೇನೆ.