ಆ ಕಾರಿನ ಬ್ರೇಕನ್ನು ಯಾರಾದರೂ ತುಳಿದು ನೋಡಿದ್ದೀರಾ?

ಮಾನ್ಯ ನಗರ ಪೊಲೀಸ್ ಮುಖ್ಯಾಧಿಕಾರಿಗಳೇ,

ನಿಮ್ಮ ಠಾಣೆಯ ಹಿಂದಿನ ಅಂಗಳದಲ್ಲಿ ಮೂತಿ ನಜ್ಜುಗುಜ್ಜಾದ ಬೂದು ಬಣ್ಣದ ಕಾರೊಂದು ನಿಂತಿದೆ. ಅದರ ಹಿಂಬದಿಯ ಡಿಕ್ಕಿಯಲ್ಲಿ, ಸ್ಟೆಪ್ನಿಯ ಕೆಳಗೆ, ಮಾದಕವಸ್ತುವಿನ ಪೊಟ್ಟಣಗಳು ಸಿಕ್ಕವು. ಅದನ್ನು ಓಡಿಸುತ್ತಿದ್ದ ನನ್ನ ತಮ್ಮ ಜೈಲಿನಲ್ಲಿದ್ದಾನೆ. ನೀವು ಪೊಟ್ಟಣ ತೂಗಿದಿರಿ, ಅವನ ಬೆರಳಚ್ಚು ಪಡೆದಿರಿ, ಬೆನ್ನಟ್ಟಿದ ಸಿಬ್ಬಂದಿಗೆ ಬಹುಮಾನ ಕೊಟ್ಟಿರಿ. ಕಾರಿನ ಬ್ರೇಕನ್ನು ಮಾತ್ರ ಇಂದಿನವರೆಗೆ ಯಾರೂ ಪರೀಕ್ಷಿಸಿಲ್ಲ. ಈಗ ಜಾಗ ಸಾಲದೆಂದು ಅಂಗಳದ ವಾಹನಗಳನ್ನೆಲ್ಲ ಗುಜರಿಗೆ ಹಾಕಲು ಹೊರಟಿದ್ದೀರಿ.

"ತಪ್ಪು ಮಾಡದವನು ಓಡುವುದೇಕೆ?" ಎಂದು ಪತ್ರಿಕಾಗೋಷ್ಠಿಯಲ್ಲಿ ಕೇಳಿದಿರಿ. ಎಂಥ ಪ್ರಶ್ನೆ! ನೆರೆದವರೆಲ್ಲ ತಲೆದೂಗಿದರು. ಉತ್ತರಕ್ಕೆ ಕಾಯುವ ವ್ಯವಧಾನ ಯಾರಿಗೂ ಇದ್ದಂತೆ ಕಾಣಲಿಲ್ಲ, ಅದಕ್ಕೇ ಈ ಪತ್ರ.

ನನ್ನ ತಮ್ಮ ಮೆಕ್ಯಾನಿಕ್. ಅದೇ ಶೆಡ್ಡಿನ ಮೂಲೆಯಲ್ಲಿ ನಾನು ಕಾರಿನ ಸೀಟು ಕವರು ಹೊಲಿಯುತ್ತೇನೆ. ಆ ಕಾರನ್ನು ಗಿರಾಕಿಯೊಬ್ಬ ಬ್ರೇಕ್ ಪೈಪ್ ಬದಲಿಸಲು ಬಿಟ್ಟುಹೋಗಿದ್ದ. (ಅವನು ಇನ್ನೂ ನಿಮಗೆ ಸಿಕ್ಕಿಲ್ಲವಂತೆ. ಅವನನ್ನು ಯಾವ ಜೀಪೂ ಬೆನ್ನಟ್ಟಿದಂತಿಲ್ಲ.) ಪೈಪ್ ಬದಲಿಸಿದ ಮೇಲೆ ಒಳಗೆ ಸೇರಿಕೊಂಡ ಗಾಳಿಯನ್ನು ಹೊರಹಾಕಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಇದು ನಮ್ಮಲ್ಲಿ ಇಬ್ಬರ ಕೆಲಸ. ನಾನು ಒಳಗೆ ಕೂತು ಪೆಡಲ್ ತುಳಿಯುತ್ತೇನೆ, ಅವನು ಚಕ್ರದ ಬಳಿ ಮಲಗಿ ಸ್ಕ್ರೂ ಸಡಿಲಿಸುತ್ತಾನೆ. "ತುಳಿ ಅಕ್ಕಾ. ಹಿಡ್ಕೋ. ಹಾಂ, ಬಿಡು." ಆಮೇಲೆ ಅವನೇ ಒಂದು ಸುತ್ತು ಓಡಿಸಿ ನೋಡುತ್ತಾನೆ. ನೀವು ಅವನನ್ನು ಬೆನ್ನಟ್ಟಿದ ದಿನ ನಾನು ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಿದ್ದೆ. ಪೆಡಲ್ ತುಳಿದವರು ಯಾರು? ಯಾರಾದರೂ ತುಳಿದರೇ?

ನಿಮ್ಮ ಜೀಪಿನಿಂದ ತೆಗೆದ ವೀಡಿಯೊವನ್ನು ಊರೆಲ್ಲ ನೋಡಿದೆ. ತಪಾಸಣೆಯವರು ಕೈ ಅಡ್ಡ ಹಿಡಿಯುತ್ತಾರೆ, ಕಾರು ನಿಲ್ಲುವುದಿಲ್ಲ. ಸೈರನ್ ಕೂಗುತ್ತದೆ. ಮುಂದೆ ಆ ಕಾರಿನ ಹಿಂದಿನ, ಬ್ರೇಕ್ ತುಳಿದಾಗ ಹತ್ತುವ ಕೆಂಪು ದೀಪ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ, ಸೇತುವೆಯ ಕಂಬಕ್ಕೆ ಗುದ್ದುವವರೆಗೂ. "ತಿರುವಿನಲ್ಲಿ ಕಳ್ಳನೂ ಬ್ರೇಕ್ ಹಾಕ್ತಾನಮ್ಮ" ಎಂದರು ನಿಮ್ಮ ಇನ್‌ಸ್ಪೆಕ್ಟರ್. ಅದೂ ನಿಜವೇ. ಆದರೂ ಹೊಲಿಗೆ ಯಂತ್ರದ ಮೇಲೆ ಕಾಲಿಟ್ಟಾಗಲೆಲ್ಲ "ತುಳಿ ಅಕ್ಕಾ" ಎಂಬ ದನಿ ಕೇಳಿ ಕಾಲು ಹಿಂದಕ್ಕೆ ತೆಗೆಯುತ್ತೇನೆ. ನನಗೆ ಭಯವಾಗಿದೆ, ಸ್ವಾಮಿ.

ಜೈಲಿನ ಭೇಟಿಯಲ್ಲಿ ಅವನು ಹೇಳಿದ್ದು ಇಷ್ಟೇ: "ತುಳಿದೆ ಅಕ್ಕಾ. ಪೆಡಲ್ ತಳಕ್ಕೆ ಹೋಯ್ತು."

"ಹ್ಯಾಂಡ್‌ಬ್ರೇಕ್ ಇರ್ಲಿಲ್ವೇನೋ? ಗೇರ್ ಇಳಿಸೋಕೆ ಬರ್ಲಿಲ್ವಾ, ನಿಂಗೆ?"

ಅವನು ಮುಖ ಪಕ್ಕಕ್ಕೆ ತಿರುಗಿಸಿದ. ಸೈರನ್ನಿಗೆ ದಿಕ್ಕೆಟ್ಟವನ ಮುಖವೋ, ಸಿಕ್ಕಿಬಿದ್ದವನ ಮುಖವೋ, ಎತ್ತಿ ಆಡಿಸಿದ ನನಗೇ ಗುರುತು ಹತ್ತಲಿಲ್ಲ.

ಈ ಪತ್ರದ ವಿಷಯ ಎತ್ತಿದಾಗ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆ ಅಂದಳು: "ಸುಮ್ನಿರೇ. ಬ್ರೇಕ್ ಸರಿಯಾಗೇ ಇತ್ತು ಅಂದ್ಬಿಟ್ರೆ?"

ಹಾಗೂ ಅನ್ನಬಹುದು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಗುಜರಿಯವನು ಕೈಹಾಕುವ ಮುನ್ನ ಆ ಕಾರಿನ ಬ್ರೇಕನ್ನು ನ್ಯಾಯಾಲಯದ ಸಮ್ಮುಖದಲ್ಲಿ ಪರೀಕ್ಷಿಸಿ. ಕೆಟ್ಟಿದ್ದರೆ ಪತ್ರಿಕಾಗೋಷ್ಠಿ ಕರೆದು ಅಷ್ಟೇ ಗಟ್ಟಿಯಾಗಿ ಹೇಳಿ. ಸರಿಯಿದ್ದರೆ ನಮ್ಮ ಮನೆಗೆ ಬಂದು ಹೇಳಿ, ಬಾಗಿಲು ನಾನೇ ತೆಗೆಯುತ್ತೇನೆ. ನಂಬಬೇಕೋ ಬಿಡಬೇಕೋ ತಿಳಿಯದೆ ಪ್ರತಿ ಭೇಟಿಗೂ ಅವನ ಅಂಗಿ ಮಡಚಿಕೊಂಡು ಹೋಗುವುದು ನನ್ನಿಂದ ಇನ್ನು ಆಗದು.

ಇಂತಿ,
ತಮ್ಮನ ಪರವಾಗಿ ನಿಂತಿರುವ
ಸೀಟು ಹೊಲಿಯುವ ಅಕ್ಕ